ಕಟ್ಟಿದ ಗಂಟಲು: ದಿಂಡಿಗಲ್–ಕಂಬಂ ಸೀಮೆಯಲ್ಲಿ ದನಿಯ ದುಡಿಮೆ, ದನಿಯ ರೋಗ

ಪಳನಿ ಬೆಟ್ಟಸಾಲಿಗೂ ಸಿರುಮಲೆಗೂ ನಡುವಿನ ಬಯಲಿನಲ್ಲಿ ಬೋಳುಬಂಡೆಯ ಮೇಲೆ ಕೋಟೆ ಹೊತ್ತು ನಿಂತಿರುವ ದಿಂಡಿಗಲ್ಲೂ, ಅಲ್ಲಿಂದ ನೈಋತ್ಯಕ್ಕೆ ಪಶ್ಚಿಮಘಟ್ಟಗಳ ಬುಡದಲ್ಲಿ ಉದ್ದಕ್ಕೆ ಚಾಚಿಕೊಂಡಿರುವ ತೇನಿ–ಕಂಬಂ ಕಣಿವೆಯೂ ಇಂದು ತಮಿಳುನಾಡಿನ ಎರಡು ಜಿಲ್ಲೆಗಳಾಗಿದ್ದರೂ ಕನ್ನಡಿಗರ ಚರಿತ್ರೆಗೆ ಹೊರಗಿನವಲ್ಲ. ಹೈದರಾಲಿ 1755ರಲ್ಲಿ ಮೈಸೂರಿನ ಫೌಜುದಾರನಾಗಿ ಬಂದು ತನ್ನ ಸೈನ್ಯಬಲವನ್ನು ಬೆಳೆಸಿಕೊಂಡದ್ದು ದಿಂಡಿಗಲ್ಲಿನಲ್ಲಿ. ನಡುನಡುವೆ ಕೈತಪ್ಪಿದರೂ, 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಸುಲ್ತಾನನು ಇಂಗ್ಲಿಷರಿಗೆ ಬಿಟ್ಟುಕೊಡುವವರೆಗೆ ಆ ಸೀಮೆ ಬಹುಮಟ್ಟಿಗೆ ಮೈಸೂರಿನ ಹಿಡಿತದಲ್ಲಿಯೇ ಇತ್ತು. ಕಣಿವೆಯ ಕಪ್ಪಿಲಿಯರ್ ಮತ್ತು ಅನುಪ್ಪರ್ ಎಂಬ ಬೇಸಾಯಗಾರ ಸಮುದಾಯಗಳು ಮನೆಯೊಳಗೆ ಕನ್ನಡವನ್ನೇ ಆಡುತ್ತ ಬಂದಿರುವುದನ್ನು 1906ರಲ್ಲಿ ಪ್ರಕಟವಾದ ಡಬ್ಲ್ಯು. ಫ್ರಾನ್ಸಿಸ್ ಅವರ ಮಧುರಾ ಗ್ಯಾಸೆಟಿಯರ್ ದಾಖಲಿಸಿದೆ.

ಈ ಸೀಮೆಯ ಎರಡು ಭಾಷೆಗಳೂ ದನಿ ಕೆಟ್ಟದ್ದನ್ನು ಒಂದೇ ಕ್ರಿಯಾಪದದಿಂದ ಹೇಳುತ್ತವೆ. ಕನ್ನಡದಲ್ಲಿ ಗಂಟಲು ಕಟ್ಟುತ್ತದೆ, ತಮಿಳಿನಲ್ಲಿ ತೊಂಡೈ ಕಟ್ಟುತ್ತದೆ. ಹುಡುಗನ ದನಿ ಒಡೆಯುವ ಕಾಲವನ್ನು ಸೂಚಿಸಲು ತಮಿಳು ನಾಟಕದವರು ಬಳಸುವ ‘ಮಕರಕ್ಕಟ್ಟು’ ಎಂಬ ಮಾತಿನ ಕೊನೆಯಲ್ಲಿಯೂ ಅದೇ ಕಟ್ಟು ಇದೆ. ನೆಗಡಿಯಿಂದ ಕೆಟ್ಟ ದನಿ, ರಾತ್ರಿಯೆಲ್ಲ ಹಾಡಿ ಕೆಟ್ಟ ದನಿ, ಹೊಗೆ ಸೇದಿ ಕೆಟ್ಟ ದನಿ, ಪೆಟ್ಟು ಬಿದ್ದು ಕೆಟ್ಟ ದನಿ ಇವೆಲ್ಲವೂ ಶತಮಾನಗಳ ಕಾಲ ಈ ಒಂದು ಹೆಸರಿನೊಳಗೆ ಅಡಗಿದ್ದವು. ಆ ಹೆಸರನ್ನು ಬಿಡಿಸಿ ಒಳಗಿನ ಬೇರೆ ಬೇರೆ ರೋಗಗಳನ್ನು ಗುರುತಿಸಿದ್ದು ವೈದ್ಯಶಾಸ್ತ್ರದ ಚರಿತ್ರೆಯಾದರೆ, ಅವು ಯಾರ ಗಂಟಲಿನಲ್ಲಿ, ಯಾವ ಕೆಲಸದಿಂದ ಹುಟ್ಟಿದವು ಎಂಬುದು ಈ ಸೀಮೆಯ ದುಡಿಮೆಯ ಚರಿತ್ರೆ. ಎರಡನ್ನೂ ಒಟ್ಟಿಗೆ ಓದದೆ ಒಂದನ್ನೂ ಸರಿಯಾಗಿ ತಿಳಿಯಲಾಗದು.

ದನಿ ಹುಟ್ಟುವುದು ಶ್ವಾಸನಾಳದ ತುದಿಯಲ್ಲಿ, ಕುತ್ತಿಗೆಯ ಮುಂಭಾಗದಲ್ಲಿ ಕೈಗೆ ಗಟ್ಟಿಯಾಗಿ ಸಿಗುವ ಧ್ವನಿಪೆಟ್ಟಿಗೆಯೊಳಗೆ. ಅದರಲ್ಲಿ ಎದುರುಬದುರಾಗಿ ಇರುವ ಎರಡು ಮಡಿಕೆಗಳಿಗೆ ಧ್ವನಿತಂತುಗಳೆಂಬ ಹೆಸರು ರೂಢಿಯಲ್ಲಿದೆಯಾದರೂ ಅವು ವೀಣೆಯ ತಂತಿಗಳಂತೆ ಬಿಗಿದ ದಾರಗಳಲ್ಲ. ಒಳಗೆ ಸ್ನಾಯು, ಅದರ ಮೇಲೆ ಲೋಳೆಯಂತೆ ಮೃದುವಾದ ಪದರ, ಎಲ್ಲಕ್ಕೂ ಮೇಲೆ ತೆಳುವಾದ ಹೊದಿಕೆ ಎಂದು ಪದರಪದರವಾಗಿ ರಚನೆಗೊಂಡ ತುಟಿಗಳು. ಉಸಿರಾಡುವಾಗ ಅವು ಬೇರೆಯಾಗಿ ದಾರಿ ಬಿಡುತ್ತವೆ, ಮಾತನಾಡುವಾಗ ಹತ್ತಿರ ಬಂದು ಶ್ವಾಸಕೋಶದಿಂದ ಮೇಲೇರುವ ಗಾಳಿಗೆ ಅದುರುತ್ತವೆ. ಗಂಡಸಿನ ಸಾಮಾನ್ಯ ಮಾತಿನಲ್ಲಿ ಈ ಅದುರುವಿಕೆ ಸೆಕೆಂಡಿಗೆ ನೂರರಿಂದ ನೂರಮೂವತ್ತು ಸಲ, ಹೆಂಗಸಿನ ಮಾತಿನಲ್ಲಿ ಇನ್ನೂರರ ಆಸುಪಾಸು. ಹೀಗೆ ಅದುರುವಾಗಲೆಲ್ಲ ಎರಡು ತುಟಿಗಳು ಒಂದನ್ನೊಂದು ತಾಕಿ ಬಿಡುವುದರಿಂದ, ದಿನವೊಂದರಲ್ಲಿ ಅವು ಪರಸ್ಪರ ಬಡಿದುಕೊಳ್ಳುವ ಲೆಕ್ಕ ಲಕ್ಷಗಳಲ್ಲಿ ನಡೆಯುತ್ತದೆ. ಮೃದುವಾದ ಆ ಪದರ ಊದಿಕೊಂಡರೂ, ಗಟ್ಟಿಯಾದರೂ, ಎರಡು ಅಂಚುಗಳ ನಡುವೆ ಸಂದು ಉಳಿದರೂ ದನಿ ಗೊಗ್ಗರಾಗುತ್ತದೆ.

ಪ್ರಾಚೀನ ವೈದ್ಯರು ಈ ಅಂಗವನ್ನು ಕಣ್ಣಿನಿಂದ ಕಾಣದಿದ್ದರೂ ಅದರ ಕೆಡುಕನ್ನು ಕಿವಿಯಿಂದ ಚೆನ್ನಾಗಿ ಅರಿತಿದ್ದರು. ಸುಶ್ರುತ ಸಂಹಿತೆಯ ಉತ್ತರತಂತ್ರದಲ್ಲಿ ‘ಸ್ವರಭೇದ’ ಎಂಬ ರೋಗಕ್ಕೆ ಪ್ರತ್ಯೇಕ ಅಧ್ಯಾಯವಿದೆ. ಅತಿ ಗಟ್ಟಿಯಾಗಿ ಮಾತನಾಡುವುದು, ವಿಷ, ಎತ್ತರದ ದನಿಯ ವೇದಪಾಠ, ಪೆಟ್ಟು ಇವು ಅದಕ್ಕೆ ಹೇಳಿರುವ ಕಾರಣಗಳಲ್ಲಿ ಸೇರಿವೆ, ಮತ್ತು ದೋಷಗಳನ್ನು ಅನುಸರಿಸಿ ಅದನ್ನು ಆರು ಬಗೆಯಾಗಿ ವಿಂಗಡಿಸಲಾಗಿದೆ. ಪಾಠ ಹೇಳುವವನ ಗಂಟಲಿಗೂ ಪೆಟ್ಟು ತಿಂದವನ ಗಂಟಲಿಗೂ ಒಂದೇ ಪಟ್ಟಿಯಲ್ಲಿ ಜಾಗ ಕೊಟ್ಟಿರುವುದು ಗಮನಿಸಬೇಕಾದ ಸಂಗತಿ, ಏಕೆಂದರೆ ಬಳಕೆಯೂ ಒಂದು ಬಗೆಯ ಪೆಟ್ಟೆಂಬ ತಿಳಿವು ಅದರಲ್ಲಿ ಅಡಗಿದೆ. ದಿಂಡಿಗಲ್ ಸೀಮೆಯ ಮನೆಮದ್ದುಗಳು ಈ ಆಯುರ್ವೇದದ ಮತ್ತು ತಮಿಳಿನ ಸಿದ್ಧ ವೈದ್ಯದ ಬೆರಕೆಯಿಂದ ಬಂದವು: ಕಾಳುಮೆಣಸು ಹಾಕಿದ ಬಿಸಿ ಹಾಲು, ತಾಳೆಯ ಕಲ್ಲುಸಕ್ಕರೆ, ಅತಿಮಧುರದ ಬೇರು, ಚಿತ್ತರತ್ತೈ ಎಂಬ ಶುಂಠಿ ಜಾತಿಯ ಗಡ್ಡೆ, ಮುಳ್ಳುಬಳ್ಳಿಯಾದ ತೂದುವಳೈಯ ಸೊಪ್ಪು, ಬೋಡಿನಾಯಕ್ಕನೂರಿನ ಮಾರುಕಟ್ಟೆಗೆ ಬೆಟ್ಟದಿಂದ ಇಳಿದು ಬರುವ ಏಲಕ್ಕಿ. ಇವು ಗಂಟಲಿಗೆ ಹಿತ ತರುವುದು ನಿಜ. ಆದರೆ ನುಂಗಿದ ವಸ್ತು ಯಾವುದೂ ಧ್ವನಿತಂತುಗಳನ್ನು ಮುಟ್ಟುವುದಿಲ್ಲ. ನುಂಗುವ ಕ್ಷಣದಲ್ಲಿ ಧ್ವನಿಪೆಟ್ಟಿಗೆ ಬಾಗಿಲು ಮುಚ್ಚಿಕೊಳ್ಳುತ್ತದೆ, ತಪ್ಪಿ ಒಂದು ಹನಿ ಅತ್ತ ಹೋದರೂ ಕೆಮ್ಮು ಬಂದು ಹೊರಗೆ ತಳ್ಳುತ್ತದೆ. ಕಷಾಯ ನೋಯುವ ಗಂಟಲಿನ ಗೋಡೆಯನ್ನು ತಣಿಸುತ್ತದೆ, ದೇಹಕ್ಕೆ ನೀರು ಒದಗಿಸುತ್ತದೆ. ತಂತುಗಳವರೆಗೆ ನೇರವಾಗಿ ತಲುಪುವುದು ಉಸಿರಿನೊಂದಿಗೆ ಹೋಗುವ ಹಬೆ ಮಾತ್ರ. ಮನೆಮದ್ದಿನಿಂದ ಹಿತವಾಯಿತೆಂದು ಮಾರನೆಯ ರಾತ್ರಿಯೂ ಹಾಡಲು ನಿಂತವರ ತಂತುಗಳಿಗೆ ಆದ ಹಾನಿಗೆ ಕಾರಣ ಮದ್ದಲ್ಲ, ಆ ಹಿತದ ಮೇಲೆ ಇಟ್ಟ ನಂಬಿಕೆ.

ಈ ಸೀಮೆಯಲ್ಲಿ ದನಿ ಕೂಲಿಯ ಸಾಧನವಾದದ್ದು ನಾಟಕದ ಕಾಲದಲ್ಲಿ. 1895ರಲ್ಲಿ ಪೆರಿಯಾರ್ ಅಣೆಕಟ್ಟು ಪೂರ್ಣಗೊಂಡು ಘಟ್ಟದ ಆಚೆಯ ನೀರು ಸುರಂಗದ ಮೂಲಕ ಕಂಬಂ ಕಣಿವೆಗೆ ಹರಿದು ಬಂದ ಮೇಲೆ ಗದ್ದೆ ಹೆಚ್ಚಿತು, ಕೊಯ್ಲಿನ ನಂತರದ ಜಾತ್ರೆಗಳಲ್ಲಿ ರಾತ್ರಿಯೆಲ್ಲ ನಾಟಕ ಆಡಿಸುವ ಚೈತನ್ಯ ಹಳ್ಳಿಗಳಿಗೆ ಬಂದಿತೆಂದು ಊಹಿಸುವುದು ತಪ್ಪಾಗಲಾರದು. ಹೊತ್ತಿಗೆ ಸರಿಯಾಗಿ ತಮಿಳು ರಂಗಭೂಮಿಯೂ ಮಧುರೆಯನ್ನು ಕೇಂದ್ರವಾಗಿಸಿಕೊಂಡು ಹೊಸ ರೂಪ ಪಡೆಯುತ್ತಿತ್ತು. ಅದರ ಗುರುವೆಂದು ಇಂದಿಗೂ ಪೂಜೆಗೊಳ್ಳುವ ಶಂಕರದಾಸ್ ಸ್ವಾಮಿಗಳ್ (1867–1922) ವಳ್ಳಿ ತಿರುಮಣಂ, ಪವಳಕ್ಕೊಡಿ, ಕೋವಲನ್ ಮುಂತಾದ ನಾಟಕಗಳನ್ನು ಹಾಡಿನ ಮೇಲೆಯೇ ನಿಲ್ಲಿಸಿ ರಚಿಸಿದರು, ಮತ್ತು 1918ರಲ್ಲಿ ಮಧುರೆಯಲ್ಲಿ ತತ್ವ ಮೀನಲೋಚನಿ ವಿದ್ವ ಬಾಲ ಸಭಾ ಎಂಬ ಹುಡುಗರ ಕಂಪನಿಯನ್ನು ಕಟ್ಟಿದರು. ಹೆಸರಾಂತ ಟಿ. ಕೆ. ಎಸ್. ಸಹೋದರರು ಬೆಳೆದದ್ದು ಅಲ್ಲಿಯೇ. ಗುಬ್ಬಿ ಕಂಪನಿಯ ಚರಿತ್ರೆಯನ್ನು ಬಲ್ಲ ಕನ್ನಡ ಓದುಗರಿಗೆ ಈ ವ್ಯವಸ್ಥೆ ಅಪರಿಚಿತವಲ್ಲ: ಬಡಮನೆಯ ಹುಡುಗರು ಎಳೆಯ ವಯಸ್ಸಿನಲ್ಲಿ ಕಂಪನಿ ಸೇರಿ, ಅಲ್ಲಿಯೇ ಉಂಡು ಮಲಗಿ, ಹಾಡು, ಕುಣಿತ, ಮಾತು ಕಲಿತು ರಾಜನ ವೇಷವನ್ನೂ ರಾಣಿಯ ವೇಷವನ್ನೂ ಕಟ್ಟುತ್ತಿದ್ದರು.

ಹುಡುಗರ ಕಂಪನಿಯ ಬಂಡವಾಳವೆಂದರೆ ಹುಡುಗರ ಕೊರಳು, ಅದಕ್ಕೆ ಕಾಲಮಿತಿಯಿತ್ತು. ಹನ್ನೆರಡರಿಂದ ಹದಿನೈದರ ನಡುವೆ ಗಂಡುಮಕ್ಕಳ ಧ್ವನಿಪೆಟ್ಟಿಗೆ ಥಟ್ಟನೆ ಬೆಳೆದು, ತಂತುಗಳು ಉದ್ದವಾಗಿ ದಪ್ಪವಾಗಿ, ಶ್ರುತಿ ಸುಮಾರು ಒಂದು ಸ್ಥಾಯಿಯಷ್ಟು ಕೆಳಗಿಳಿಯುತ್ತದೆ; ಸ್ನಾಯುಗಳು ಹೊಸ ಅಳತೆಗೆ ಹೊಂದಿಕೊಳ್ಳುವವರೆಗೆ ದನಿ ಒಂದು ಮಾತಿನಲ್ಲಿ ಗಡಸಾಗಿ, ಮರುಮಾತಿನಲ್ಲಿ ಕೀರಲಾಗಿ ಜಾರುತ್ತದೆ. ಇದೇ ಮಕರಕ್ಕಟ್ಟು. ರೋಗವಲ್ಲದ, ಎಲ್ಲ ಗಂಡಸರೂ ದಾಟಿ ಬರುವ ಈ ಘಟ್ಟ ಹೊಲದಲ್ಲಿರುವ ಹುಡುಗನಿಗೆ ಕೆಲವು ತಿಂಗಳ ನಗೆಪಾಟಲಾಗಿ ಕಳೆದುಹೋದರೆ, ಕಂಪನಿಯ ಹುಡುಗನಿಗೆ ಅನ್ನದ ಪ್ರಶ್ನೆಯಾಗುತ್ತಿತ್ತು. ನಾಯಕಿಯ ಪಾತ್ರ ಇನ್ನೊಬ್ಬ ಕಿರಿಯನಿಗೆ ಹೋಗುತ್ತಿತ್ತು. ದನಿ ಒಡೆದವನು ಗುಂಪಿನ ಪಾತ್ರಕ್ಕೋ, ಹಾರ್ಮೋನಿಯಂ ಪೆಟ್ಟಿಗೆಯ ಹಿಂದಕ್ಕೋ, ಪರದೆ ಎಳೆಯುವುದಕ್ಕೋ ಸರಿಯಬೇಕಾಗುತ್ತಿತ್ತು. ಹೊಸ ದನಿ ಕುದುರುವ ಮೊದಲೇ ಹಳೆಯ ಶ್ರುತಿಯನ್ನು ಬಲವಂತವಾಗಿ ಹಿಡಿದಿಟ್ಟುಕೊಳ್ಳುವ ಅಭ್ಯಾಸವೂ ಅಂಟಿಕೊಳ್ಳಬಹುದು. ಬೆಳೆದ ಗಂಡಸಿನಲ್ಲಿ ಹುಡುಗನ ದನಿಯೇ ಉಳಿದುಬಿಡುವ ಈ ಸ್ಥಿತಿಯಲ್ಲಿ ಅಂಗ ಸರಿಯಾಗಿಯೇ ಇರುತ್ತದೆ, ಕೆಟ್ಟಿರುವುದು ಅದನ್ನು ಬಳಸುವ ರೂಢಿ. ವಾಕ್ ಚಿಕಿತ್ಸಕರು ಗಂಟಲಮಣಿಯನ್ನು ಬೆರಳಿನಿಂದ ಮೆಲ್ಲನೆ ಕೆಳಕ್ಕೊತ್ತಿ, ಕೆಮ್ಮಿಸಿ, ತಗ್ಗಿನ ಹೂಂಕಾರ ಹೊರಡಿಸಿ, ಆ ಹೂಂಕಾರದಿಂದಲೇ ಮಾತನ್ನು ಕಟ್ಟುತ್ತ ಹೋದರೆ ಬಹಳ ಮಂದಿಗೆ ಕೆಲವೇ ಭೇಟಿಗಳಲ್ಲಿ ಗಂಡುದನಿ ಒದಗುತ್ತದೆ. ಹಾಗೆ ಒದಗದ ಕೆಲವರಿಗಾಗಿ ತಂತುಗಳ ಬಿಗಿತವನ್ನು ಸಡಿಲಿಸುವ ಶಸ್ತ್ರಚಿಕಿತ್ಸೆಯನ್ನು ಜಪಾನಿನ ನೊಬುಹಿಕೊ ಇಶ್ಶಿಕಿ 1970ರ ದಶಕದಲ್ಲಿ ರೂಪಿಸಿದರು.

ಕಂಬಂ ಕಣಿವೆಯ ಅತ್ಯಂತ ಪ್ರಸಿದ್ಧ ಮಕರಕ್ಕಟ್ಟು ನಾಟಕದ ಕಂಪನಿಯದಲ್ಲ, ಚುನಾವಣಾ ಪ್ರಚಾರದ ವೇದಿಕೆಯದು. ಉತ್ತಮಪಾಳಯದ ಬಳಿಯ ಪಣ್ಣೈಪುರದ ಪಾವಲರ್ ವರದರಾಜನ್ ಕಮ್ಯುನಿಸ್ಟ್ ಪಕ್ಷದ ಹಾಡುಗಾರರಾಗಿ ಊರೂರು ಅಲೆದವರು. 1958ರಲ್ಲಿ ಘಟ್ಟದ ಮೇಲಿನ ದೇವಿಕುಳಂ ಕ್ಷೇತ್ರದಲ್ಲಿ ರೋಸಮ್ಮ ಪುನ್ನೂಸ್ ಸ್ಪರ್ಧಿಸಿ ಗೆದ್ದ ಉಪಚುನಾವಣೆಯಲ್ಲಿ, ಚಹದ ತೋಟಗಳ ತಮಿಳು ಕೂಲಿಗಳ ಲೈನುಮನೆಗಳ ಮುಂದೆ ಅವರ ಹಾಡು ಮೊಳಗಿತು. ಅವರ ಜೊತೆಗೆ ಹೊರಟ ತಮ್ಮ ಎಳೆಯ ದನಿಯಲ್ಲಿ ಹೆಣ್ಣಿನ ಭಾಗವನ್ನು ಹಾಡುತ್ತಿದ್ದು, ದನಿ ಒಡೆದ ಮೇಲೆ ಆ ಭಾಗವನ್ನು ಇನ್ನೂ ಕಿರಿಯ ತಮ್ಮನಿಗೆ ಬಿಟ್ಟು ಹಾರ್ಮೋನಿಯಂ ಹಿಡಿದ. ಆ ಹುಡುಗನೇ ಮುಂದೆ ಇಳೆಯರಾಜ. ಕೊರಳು ಕೈಕೊಟ್ಟಾಗ ಬೆರಳು ಕೈಹಿಡಿದ ಇಂಥ ದಾರಿ ಹುಡುಗರ ಕಂಪನಿಗಳಲ್ಲಿಯೂ ಹಳೆಯದು; ಆದರೆ ಹಾಗೆ ದಾರಿ ಸಿಕ್ಕವರ ಹೆಸರಷ್ಟೇ ಚರಿತ್ರೆಯಲ್ಲಿ ಉಳಿಯುತ್ತದೆ.

ಹುಡುಗರ ಕಂಪನಿಗಳು ಕರಗಿದ ಮೇಲೂ ಉಳಿದು ಬಂದದ್ದು ‘ಸ್ಪೆಷಲ್ ನಾಟಕ’. ಇದರಲ್ಲಿ ಕಂಪನಿಯೆಂಬುದಿಲ್ಲ, ಜಾತ್ರೆಯ ಊರಿನವರು ನಡುವಣವರ ಮೂಲಕ ರಾಜಪಾರ್ಟ್, ಸ್ತ್ರೀಪಾರ್ಟ್, ಬಫೂನ್, ಹಾರ್ಮೋನಿಯಂ, ಮೃದಂಗ ಎಂದು ಒಬ್ಬೊಬ್ಬರನ್ನೇ ಬೇರೆಬೇರೆಯಾಗಿ ಗೊತ್ತುಮಾಡುತ್ತಾರೆ, ಕಲಾವಿದರು ತಾಲೀಮಿಲ್ಲದೆ ಆ ರಾತ್ರಿ ಸೇರಿ ಹತ್ತು ಗಂಟೆಯಿಂದ ಬೆಳಗಿನವರೆಗೆ ಶಂಕರದಾಸರ ನಾಟಕವನ್ನು ಆಡಿ ಬೇರೆಯಾಗುತ್ತಾರೆ. ಮಧುರೆ, ಪುದುಕ್ಕೋಟ್ಟೈಗಳಂತೆ ದಿಂಡಿಗಲ್ಲಿನಲ್ಲಿಯೂ ಈ ನಟರ ಸಂಘವಿದೆ. ಧ್ವನಿವರ್ಧಕ ಬರುವ ಮೊದಲು ಬಯಲಿನಲ್ಲಿ ಕುಳಿತ ಸಾವಿರಾರು ಜನರ ಕೊನೆಯ ಸಾಲಿಗೆ ಹಾಡು ಮುಟ್ಟಬೇಕಾದರೆ ಶ್ರುತಿ ಎತ್ತರವಿರಲೇಬೇಕಾಗಿತ್ತು, ಏಕೆಂದರೆ ತಗ್ಗಿನ ದನಿಗಿಂತ ಎತ್ತರದ ಚೂಪು ದನಿ ದೂರಕ್ಕೆ ಸ್ಪಷ್ಟವಾಗಿ ಕೇಳುತ್ತದೆ. ಎಸ್. ಜಿ. ಕಿಟ್ಟಪ್ಪನವರ (1906–1933) ಕೊರಳು ಇಂದಿಗೂ ದಂತಕಥೆಯಾಗಿರುವುದು ಈ ಎತ್ತರದಿಂದಾಗಿ. ರತ್ನಾವಳಿ ಕಂಪನಿಯ ಎ. ವಿ. ವರದಾಚಾರ್ಯರ ಕೊರಳನ್ನು ಕನ್ನಡಿಗರು ನೆನೆದಂತೆಯೇ ಕಿಟ್ಟಪ್ಪನವರದನ್ನು ತಮಿಳರು ನೆನೆಯುತ್ತಾರೆ.

ಈ ಎತ್ತರವೆಂದರೇನು ಎಂಬುದನ್ನು ಲೆಕ್ಕದಲ್ಲಿ ನೋಡಬಹುದು. ತಮಿಳು ನಾಟಕದವರು ಐದು ಕಟ್ಟೈ ಎಂದೂ ಕನ್ನಡದ ಕಂಪನಿಗಳವರು ಬಿಳಿ ಐದು ಎಂದೂ ಕರೆಯುವ ಶ್ರುತಿಯನ್ನು ಗಂಡಸು ಹಿಡಿದರೆ ಅವನ ಆಧಾರ ಷಡ್ಜದಲ್ಲಿ ತಂತುಗಳು ಸೆಕೆಂಡಿಗೆ ಸುಮಾರು 196 ಸಲ, ಮೇಲಿನ ಷಡ್ಜದಲ್ಲಿ 392 ಸಲ, ತಾರಸ್ಥಾಯಿಯ ಪಂಚಮವನ್ನು ಮುಟ್ಟಿದಾಗ 590ರ ಸಮೀಪ ಅದುರುತ್ತವೆ. ಮಾತಿನ ದನಿಗೆ ಹೋಲಿಸಿದರೆ ಇದು ನಾಲ್ಕೈದು ಪಟ್ಟು. ಇನ್ನೊಂದು ತೊಡಕೂ ಇತ್ತು. ವಳ್ಳಿ ತಿರುಮಣಂ ನಾಟಕದ ಜೀವಾಳವಾದ ವಾದದ ಹಾಡುಗಳಲ್ಲಿ ಗಂಡುಪಾತ್ರವೂ ವಳ್ಳಿಯೂ ಸವಾಲು ಜವಾಬಿನಂತೆ ಒಬ್ಬರ ಬಾಯಿಂದ ಒಬ್ಬರು ಹಾಡನ್ನು ಕಿತ್ತುಕೊಳ್ಳುವಾಗ ಹಾರ್ಮೋನಿಯಂ ಒಂದೇ ಶ್ರುತಿಯಲ್ಲಿ ನಿಲ್ಲುತ್ತದೆ. ಅದು ಹೆಣ್ಣಿನ ಕೊರಳಿಗೆ ಒಪ್ಪಿದರೆ ಗಂಡಿನ ಕೊರಳು ಹಿಗ್ಗಬೇಕು, ಗಂಡಿಗೆ ಒಪ್ಪಿದರೆ ಹೆಣ್ಣು ತನ್ನ ಸಹಜದ ಕೆಳಗೆ ಗಟ್ಟಿಯಾಗಿ ಕೂಗಬೇಕು. ಕೆ. ಬಿ. ಸುಂದರಾಂಬಾಳ್ ಮತ್ತು ಕಿಟ್ಟಪ್ಪನವರಂಥ ಅಪರೂಪದ ಜೋಡಿ ಇದನ್ನು ಕಲೆಯಾಗಿ ಮೆರೆಸಿತು. ಅಷ್ಟು ಕಸುವಿಲ್ಲದ ನೂರಾರು ಜೋಡಿಗಳಲ್ಲಿ ಯಾವುದಾದರೂ ಒಂದು ಗಂಟಲು ಅದರ ಬೆಲೆ ತೆತ್ತಿತು.

ಆ ಬೆಲೆಯ ರೂಪ ಹೀಗೆ. ಎರಡು ತಂತುಗಳ ಅಂಚುಗಳು ಅತಿ ಹೆಚ್ಚು ರಭಸದಿಂದ ಬಡಿದುಕೊಳ್ಳುವುದು ಮುಂದಿನ ಮೂರನೆಯ ಒಂದು ಭಾಗ ಮುಗಿಯುವ ಜಾಗದಲ್ಲಿ. ರಾತ್ರಿ ರಾತ್ರಿ ಅಲ್ಲಿಯೇ ಪೆಟ್ಟು ಬೀಳುತ್ತಿದ್ದರೆ ಮೊದಲು ಬಾವು ಬರುತ್ತದೆ. ಒಂದೆರಡು ದಿನ ಬಿಟ್ಟರೆ ಇಳಿಯುವ ಆ ಬಾವು ಬಿಡುವಿಲ್ಲದೆ ಮುಂದುವರಿದರೆ ಅಂಗೈಯ ದಡ್ಡಿನಂತೆ ಗಟ್ಟಿಯಾಗಿ, ಎರಡೂ ಬದಿಯಲ್ಲಿ ಎದುರುಬದುರಾಗಿ ರಾಗಿ ಕಾಳಿನಷ್ಟು ಚಿಕ್ಕ ಗಂಟುಗಳಾಗಿ ನಿಲ್ಲುತ್ತದೆ. ಇವೇ ಹಾಡುಗಾರರ ಗಂಟುಗಳು. ಕಾಳಿನಷ್ಟೇ ಇದ್ದರೂ ಅವು ತಂತುಗಳನ್ನು ಪೂರ್ತಿ ಕೂಡಲು ಬಿಡುವುದಿಲ್ಲ. ಹಿಂದೆ ಮುಂದೆ ಉಳಿದ ಸಂದಿನಿಂದ ಗಾಳಿ ಸೋರುತ್ತದೆ. ಮೊದಲು ಮಾಯವಾಗುವುದು ಮೆಲುದನಿಯ ಎತ್ತರದ ಸ್ವರಗಳು, ಆಮೇಲೆ ದೀರ್ಘವಾದ ಆಲಾಪ, ಕೊನೆಗೆ ಮಾತೂ ಗೊರಗೊರ. ಸೋರುವ ಗಾಳಿಯನ್ನು ತುಂಬಿಕೊಳ್ಳಲು ನಟ ಇನ್ನಷ್ಟು ಒತ್ತಿ ಹಾಡುತ್ತಾನೆ, ಒತ್ತಿದಷ್ಟೂ ಗಂಟು ಬಲಿಯುತ್ತದೆ. ಇದಕ್ಕೆ ಭಿನ್ನವಾದದ್ದು ಒಂದೇ ಕೂಗಿನಿಂದ ಬರುವ ಕೇಡು: ಹರಿಶ್ಚಂದ್ರನ ಮಸಣದ ದೃಶ್ಯದಂಥ ಕಡೆ ಎದೆಯೊಡೆದು ಕೂಗಿದಾಗ ತಂತುವಿನೊಳಗಿನ ಸಣ್ಣ ರಕ್ತನಾಳ ಬಿರಿದು, ಒಳಗೆ ನಿಂತ ರಕ್ತ ಮೆಲ್ಲಗೆ ಒಂದು ಬದಿಯಲ್ಲಿ ಜೋತುಬೀಳುವ ಬೊಬ್ಬೆಯಾಗುತ್ತದೆ, ವೈದ್ಯರು ಇದನ್ನು ಪಾಲಿಪ್ ಎನ್ನುತ್ತಾರೆ. ಗಂಟುಗಳು ದನಿಯ ವಿಶ್ರಾಂತಿಗೂ ಸರಿಯಾದ ಉಸಿರಿನ ಅಭ್ಯಾಸಕ್ಕೂ ಬಹುತೇಕ ಕರಗುತ್ತವೆ, ಪಾಲಿಪ್ಪಿಗೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ನಾಟಕ ಮುಗಿದ ಮೇಲೆ ಹೊಟ್ಟೆ ತುಂಬ ಉಂಡು ಕೂಡಲೇ ಮಲಗುವ ರೂಢಿಯಿಂದ ಜಠರದ ಆಮ್ಲ ಮೇಲೇರಿ ಧ್ವನಿಪೆಟ್ಟಿಗೆಯ ಹಿಂಭಾಗವನ್ನು ಸುಡುವುದೂ ಇದೇ ಬಾಳಿನ ಇನ್ನೊಂದು ಕಾಯಿಲೆ.

ಗಂಟಲಿನೊಳಗಿನ ಈ ದೃಶ್ಯವನ್ನು ಜೀವಂತ ಮನುಷ್ಯನಲ್ಲಿ ಕ್ರಮವಾಗಿ ನೋಡಿ ಬರೆದಿಟ್ಟ ಮೊದಲಿಗ ವೈದ್ಯನಲ್ಲ, ಸಂಗೀತದ ಮೇಷ್ಟ್ರು. ಸ್ಪೇನ್ ಮೂಲದ ಮಾನ್ಯುಯೆಲ್ ಗಾರ್ಸಿಯಾ 1854ರಲ್ಲಿ ಹಲ್ಲಿನ ವೈದ್ಯರ ಉದ್ದ ಹಿಡಿಯ ಪುಟ್ಟ ಕನ್ನಡಿಯನ್ನು ತನ್ನ ಬಾಯಿಯ ಹಿಂಭಾಗದಲ್ಲಿಟ್ಟು, ಕೈಗನ್ನಡಿಯಿಂದ ಬಿಸಿಲನ್ನು ಅದರ ಮೇಲೆ ಬೀಳಿಸಿ, ಹಾಡುವಾಗ ತನ್ನದೇ ತಂತುಗಳು ಕೂಡಿ ಬಿಡುವುದನ್ನು ಕಂಡು, ಮರುವರ್ಷ ಲಂಡನ್ನಿನ ರಾಯಲ್ ಸೊಸೈಟಿಗೆ ಒಪ್ಪಿಸಿದ. ಅದಕ್ಕೂ ಮೊದಲು, 1841ರಲ್ಲಿ, ಹಾಡಿ ಹಾಡಿ ದನಿ ಸವೆದು ಬಂದ ಗಾಯಕಿ ಜೆನ್ನಿ ಲಿಂಡ್‌ಗೆ ಅವನು ಕೊಟ್ಟ ಮೊದಲ ಚಿಕಿತ್ಸೆ ಹಲವು ವಾರಗಳ ಮೌನ. ಅವಳ ದನಿ ಮರಳಿತು. ನೂರ ಒಂದು ವರ್ಷ ಬಾಳಿದ ಗಾರ್ಸಿಯಾ ತೀರಿಕೊಂಡ 1906ರಲ್ಲಿಯೇ ಫ್ರಾನ್ಸಿಸ್ ಅವರ ಗ್ಯಾಸೆಟಿಯರ್ ಹೊರಬಂತು. ಅಂದರೆ ಮಧುರೆ ಸೀಮೆಯಲ್ಲಿ ಸಂಗೀತ ನಾಟಕದ ಅಬ್ಬರ ಏರುತ್ತಿದ್ದಾಗ, ಗಂಟಲನ್ನು ನೋಡುವ ಕನ್ನಡಿಯೂ ವಿಶ್ರಾಂತಿಯೆಂಬ ಮದ್ದೂ ಅರ್ಧ ಶತಮಾನ ಹಳೆಯವಾಗಿದ್ದವು. 19ನೆಯ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕನ್ ಮಧುರಾ ಮಿಷನ್ನಿನ ಎಡ್ವರ್ಡ್ ಚೆಸ್ಟರ್ ದಿಂಡಿಗಲ್ಲಿನಲ್ಲಿ ಔಷಧಾಲಯ ನಡೆಸಿದ್ದರಿಂದ ಪಾಶ್ಚಾತ್ಯ ವೈದ್ಯವೂ ಊರಿಗೆ ಬಂದಿತ್ತು. ಆದರೆ ಮೌನವೆಂಬ ಮದ್ದು ಸ್ಪೆಷಲ್ ನಾಟಕದ ಕಲಾವಿದನಿಗೆ ಎಟುಕುವಂಥದ್ದಾಗಿರಲಿಲ್ಲ. ಅವನ ದುಡಿಮೆ ರಾತ್ರಿಯ ಲೆಕ್ಕದ್ದು, ಜಾತ್ರೆಯ ಕಾಲ ಕೆಲವೇ ತಿಂಗಳು. ಆ ತಿಂಗಳುಗಳಲ್ಲಿ ಗಂಟಲಿಗೆ ಬಿಡುವು ಕೊಟ್ಟವನಿಗೆ ವರ್ಷವೆಲ್ಲ ಒಲೆ ಹೊತ್ತಿಸುವುದು ಕಷ್ಟ. ದೇಶಭಕ್ತಿಯ ಹಾಡುಗಳನ್ನು ನಾಟಕದ ನಡುವೆ ಸೇರಿಸಿ ಮತ್ತೆ ಮತ್ತೆ ಸೆರೆಮನೆ ಕಂಡ ವಿಶ್ವನಾಥದಾಸ್ 1940ರ ಕೊನೆಯ ರಾತ್ರಿ ಮದರಾಸಿನ ರಂಗದ ಮೇಲೆ, ಮುರುಗನ ವೇಷದಲ್ಲಿ ಹಾಡುತ್ತಿರುವಾಗಲೇ ಪ್ರಾಣ ಬಿಟ್ಟರು. ಅದನ್ನು ಕಲೆಗಾಗಿ ಮಾಡಿದ ತ್ಯಾಗವೆಂದು ಕೊಂಡಾಡುವುದು ಸರಿಯೇ, ಆದರೆ ದೇಹ ಸೋತ ಮೇಲೂ ರಂಗವನ್ನು ಬಿಡಲಾಗದ ಒಂದು ಕಸುಬಿನ ಕಟ್ಟುಪಾಡೂ ಅದರಲ್ಲಿ ಕಾಣಬೇಕು.

ದಿಂಡಿಗಲ್ಲಿನ ಎರಡನೆಯ ಗಂಟಲಿನ ಚರಿತ್ರೆ ಹೊಗೆಸೊಪ್ಪಿನದು. ಊರಿನ ಸುತ್ತಲಿನ, ಮುಖ್ಯವಾಗಿ ವೇಡಸಂದೂರಿನ ಕಡೆಯ ನೆಲದಲ್ಲಿ ಬೆಳೆದ ಸೊಪ್ಪು ಚುಟ್ಟಕ್ಕೂ ಅಗಿಯುವುದಕ್ಕೂ ಹೆಸರಾದದ್ದು. ಇಂಗ್ಲೆಂಡಿನಲ್ಲಿ ತಿರುಚಿನಾಪಳ್ಳಿಯ ಚುಟ್ಟವೆಂದು ಮಾರಾಟವಾಗಿ, ಷರ್ಲಾಕ್ ಹೋಮ್ಸನ ಮೊದಲ ಕಾದಂಬರಿಯಲ್ಲಿಯೂ (1887) ಸುಳಿವಾಗಿ ಬರುವ ಚುಟ್ಟದ ಸೊಪ್ಪು ಬಹುಪಾಲು ದಿಂಡಿಗಲ್ ಸೀಮೆಯದು. ಮದರಾಸಿನ ಸ್ಪೆನ್ಸರ್ ಕಂಪನಿ ದಿಂಡಿಗಲ್ಲಿನಲ್ಲಿಯೇ ಚುಟ್ಟದ ಕಾರ್ಖಾನೆ ನಡೆಸಿತು, 1948ರಲ್ಲಿ ವೇಡಸಂದೂರಿನಲ್ಲಿ ಹೊಗೆಸೊಪ್ಪಿನ ಸಂಶೋಧನಾ ಕೇಂದ್ರ ಸ್ಥಾಪನೆಯಾಯಿತು. ಬೆಳೆ, ಗೋದಾಮು, ಕಾರ್ಖಾನೆ, ಅಂಗಡಿ ಎಲ್ಲವೂ ಕೈಗೆಟುಕುವಲ್ಲಿ ಇದ್ದ ಊರಿನಲ್ಲಿ ಚುಟ್ಟ ಸೇದುವುದು ಚಟಕ್ಕಿಂತ ಹೆಚ್ಚಾಗಿ ನಿತ್ಯದ ನಡೆಯಾಗಿತ್ತು.

ಬಿಸಿ ಹೊಗೆ ದಿನವೂ ತಾಕಿದ ತಂತುಗಳಲ್ಲಿ ಎರಡು ಬಗೆಯ ಬದಲಾವಣೆ ಕಾಣುತ್ತದೆ. ಒಂದರಲ್ಲಿ ಹೊದಿಕೆಯ ಕೆಳಗಿನ ಮೃದು ಪದರದೊಳಗೆ ನೀರು ತುಂಬಿ ತಂತುಗಳು ಸಣ್ಣ ಚೀಲಗಳಂತೆ ಊದುತ್ತವೆ, ದನಿ ದಪ್ಪಗಾಗಿ ಇಳಿಯುತ್ತದೆ, ಹೆಂಗಸು ಮಾತನಾಡಿದರೆ ಗಂಡಸೆಂದು ಭ್ರಮಿಸುವಷ್ಟು. ಹೊಗೆ ಬಿಟ್ಟರೆ ಇದು ಬಹಳಷ್ಟು ತಹಬಂದಿಗೆ ಬರುತ್ತದೆ. ಇನ್ನೊಂದರಲ್ಲಿ ಹೊದಿಕೆ ಬಿಳಿಯ ಮಚ್ಚೆಗಳಾಗಿ ದಪ್ಪಗಟ್ಟಿ, ಅಂಥ ಕೆಲವು ಮಚ್ಚೆಗಳು ಕಾಲಕ್ರಮದಲ್ಲಿ ಕ್ಯಾನ್ಸರಾಗುತ್ತವೆ. ತಂತುವಿನ ಕ್ಯಾನ್ಸರಿಗೆ ಒಂದು ವಿಚಿತ್ರ ಗುಣವಿದೆ: ಅದು ಹುಟ್ಟಿದ ಕೂಡಲೇ ದನಿಯನ್ನು ಕೆಡಿಸಿ ತನ್ನ ಸುಳಿವು ಕೊಡುತ್ತದೆ, ಮತ್ತು ಆ ಭಾಗದಲ್ಲಿ ದುಗ್ಧನಾಳಗಳು ವಿರಳವಾಗಿರುವುದರಿಂದ ಬೇರೆಡೆಗೆ ತಡವಾಗಿ ಹರಡುತ್ತದೆ. ಆದ್ದರಿಂದಲೇ ಮೂರು ವಾರ ದಾಟಿದ ಗೊಗ್ಗರು ದನಿಯನ್ನು, ಅದರಲ್ಲೂ ಹೊಗೆ ಸೇದುವವರಲ್ಲಿ, ಕಿವಿ–ಮೂಗು–ಗಂಟಲಿನ ವೈದ್ಯರು ನೋಡಲೇಬೇಕೆಂಬ ನಿಯಮ ಬಂದಿತು. ಆ ಹಂತದಲ್ಲಿ ಕಂಡರೆ ವಿಕಿರಣದಿಂದಲೋ ಲೇಸರ್ ಶಸ್ತ್ರಕ್ರಿಯೆಯಿಂದಲೋ ಬಹುಪಾಲು ರೋಗಿಗಳು ದನಿಯನ್ನೂ ಉಳಿಸಿಕೊಂಡು ಗುಣವಾಗುತ್ತಾರೆ. ತಡವಾದರೆ ಉಳಿಯುವ ದಾರಿ ವಿಯೆನ್ನಾದ ತಿಯೊಡೊರ್ ಬಿಲ್‌ರೋತ್ 1873ರ ಡಿಸೆಂಬರ್ 31ರಂದು ಮೊದಲು ತುಳಿದದ್ದು, ಅಂದರೆ ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕುವುದು. ಆಮೇಲೆ ಉಸಿರು ಕುತ್ತಿಗೆಯ ರಂಧ್ರದಿಂದ. ಮಾತು ಅನ್ನನಾಳದ ಗಾಳಿಯಿಂದಲೋ ಅಳವಡಿಸಿದ ಕವಾಟದಿಂದಲೋ. ಎಲ್ಲವನ್ನೂ ‘ಗಂಟಲು ಕಟ್ಟಿದೆ’ ಎಂಬ ಒಂದೇ ಮಾತಿನಲ್ಲಿ ಹೇಳುವ ರೂಢಿ ಅತ್ಯಂತ ದುಬಾರಿಯಾದದ್ದು ಇಲ್ಲಿ. ನೆಗಡಿಯ ಕಟ್ಟಿಗೂ ಕ್ಯಾನ್ಸರಿನ ಕಟ್ಟಿಗೂ ಮೆಣಸಿನ ಹಾಲನ್ನೇ ಕುಡಿದು ತಿಂಗಳು ಕಳೆದವರ ಪಾಲಿಗೆ ಆ ಮೂರು ವಾರಗಳು ಕೈಜಾರಿದವು.

ಮೂರನೆಯ ಬಗೆಯ ಕೇಡು ತಂತುಗಳದ್ದಲ್ಲ, ಅವುಗಳಿಗೆ ಅಪ್ಪಣೆ ಹೊತ್ತು ತರುವ ನರದ್ದು. ಧ್ವನಿಪೆಟ್ಟಿಗೆಯ ನರ ಮಿದುಳಿನಿಂದ ನೇರವಾಗಿ ಬರದೆ ಎದೆಗೆ ಇಳಿದು ಮರಳಿ ಮೇಲೇರುತ್ತದೆ, ಎಡಗಡೆಯದು ಹೃದಯದಿಂದ ಹೊರಡುವ ಮಹಾಧಮನಿಯ ಬಿಲ್ಲನ್ನು ಸುತ್ತಿ ಬರುತ್ತದೆ. ಇಷ್ಟು ಉದ್ದದ ದಾರಿಯಲ್ಲಿ ಎಲ್ಲಿ ಪೆಟ್ಟಾದರೂ, ಥೈರಾಯ್ಡ್ ಶಸ್ತ್ರಕ್ರಿಯೆಯಲ್ಲಿ ನೊಂದರೂ, ಎದೆಯ ಗೆಡ್ಡೆ ಒತ್ತಿದರೂ ತಂತು ಅಲ್ಲಾಡದೆ ನಿಂತುಬಿಡುತ್ತದೆ. ಇದಕ್ಕೆ ಕಾಲವೇ ಹಲವು ಸಲ ಮದ್ದು. ಇಲ್ಲವಾದರೆ ನಿಂತ ತಂತುವಿನೊಳಗೆ ಚುಚ್ಚುಮದ್ದಿನ ಮೂಲಕ ವಸ್ತು ತುಂಬಿಯೋ ಪಕ್ಕದಲ್ಲಿ ತುಣುಕೊಂದನ್ನು ಇಟ್ಟೋ ಅದನ್ನು ನಡುವಿಗೆ ಸರಿಸುತ್ತಾರೆ.

ಗಂಟಲಿನ ಗಾಯವೊಂದು ಇಡೀ ಸೀಮೆಯ ಸಾರ್ವಜನಿಕ ನೆನಪಾದ ಉದಾಹರಣೆ ಇಲ್ಲಿದೆ. 1967ರ ಜನವರಿ 12ರಂದು ನಟ ಎಂ. ಆರ್. ರಾಧಾ ಹಾರಿಸಿದ ಗುಂಡು ಚಿತ್ರನಟರೂ ರಾಜಕಾರಣಿಯೂ ಆಗಿದ್ದ ಎಂ. ಜಿ. ರಾಮಚಂದ್ರನ್ ಅವರ ಕುತ್ತಿಗೆಗೆ ತಗುಲಿತು. ಜೀವ ಉಳಿಯಿತು, ದನಿ ಮೊದಲಿನಂತಾಗಲಿಲ್ಲ. ಬಾಲ್ಯದಲ್ಲಿ ಮಧುರೆಯ ಹುಡುಗರ ಕಂಪನಿಯಲ್ಲಿ ಪಳಗಿದ ಆ ಕೊರಳು ಮುಂದಿನ ಚಿತ್ರಗಳಲ್ಲಿಯೂ ಸಭೆಗಳಲ್ಲಿಯೂ ತೊಡರುತ್ತ, ಅಸ್ಪಷ್ಟವಾಗಿಯೇ ಕೇಳಿತು. ಆರು ವರ್ಷಗಳ ನಂತರ, 1973ರ ಮೇ ತಿಂಗಳಲ್ಲಿ ನಡೆದ ದಿಂಡಿಗಲ್ ಲೋಕಸಭಾ ಉಪಚುನಾವಣೆಯಲ್ಲಿ ಅವರ ಹೊಸ ಪಕ್ಷ ಎರಡೆಲೆಯ ಗುರುತಿನೊಂದಿಗೆ ತನ್ನ ಮೊದಲ ಗೆಲುವು ಪಡೆಯಿತು, ಮಾಯಾ ತೇವರ್ ಆರಿಸಿ ಬಂದರು. ಚೆಲುವಾದ ದನಿಯೇ ರಾಜಕೀಯದ ಬಂಡವಾಳವಾಗಿದ್ದ ತಮಿಳುನಾಡಿನಲ್ಲಿ ಕೆಟ್ಟ ದನಿಯ ನಾಯಕನನ್ನು ಜನ ಎತ್ತಿಹಿಡಿದದ್ದು, ಆ ಗಾಯವನ್ನು ಅವರು ತಮ್ಮದೆಂದೇ ಭಾವಿಸಿದ್ದರಿಂದ. 1984ರ ಅಕ್ಟೋಬರಿನಲ್ಲಿ ಪಾರ್ಶ್ವವಾಯು ಅವರ ಮಾತನ್ನೇ ಕಿತ್ತುಕೊಂಡಿತು. ನ್ಯೂಯಾರ್ಕಿನ ಬ್ರೂಕ್ಲಿನ್ನಿನ ಆಸ್ಪತ್ರೆಯಲ್ಲಿ ಮಲಗಿದ್ದಂತೆಯೇ ಅದೇ ಡಿಸೆಂಬರಿನಲ್ಲಿ ಇಂದಿನ ತೇನಿ ಜಿಲ್ಲೆಯ ಆಂಡಿಪಟ್ಟಿಯಿಂದ ಅವರು ವಿಧಾನಸಭೆಗೆ ಗೆದ್ದರು. ಒಬ್ಬರದೇ ಬದುಕಿನ ಈ ಎರಡು ನಷ್ಟಗಳು ವೈದ್ಯರ ದೃಷ್ಟಿಯಲ್ಲಿ ಬೇರೆ ಬೇರೆ. ಮೊದಲನೆಯದು ದನಿಯ ಕೇಡು, ಅದರ ನೆಲೆ ಕುತ್ತಿಗೆ. ಎರಡನೆಯದು ಮಾತಿನ ಕೇಡು, ಅದರ ನೆಲೆ ಮಿದುಳು. ದನಿ ಚೆನ್ನಾಗಿದ್ದೂ ಪದ ಹೊಳೆಯದಿರಬಹುದು, ಪದ ಹೊಳೆದೂ ದನಿ ಏಳದಿರಬಹುದು.

ಚಿಕಿತ್ಸೆ ಈ ಸೀಮೆಗೆ ಮೆಲ್ಲಗೆ ಹತ್ತಿರವಾಯಿತು. 1947ರಲ್ಲಿ ಡಾ. ಟಿ. ಎಸ್. ಸೌಂದರಂ ಚಿನ್ನಾಳಪಟ್ಟಿಯ ಬಳಿ ಗಾಂಧಿಗ್ರಾಮವನ್ನೂ ಅದರ ಕಸ್ತೂರಬಾ ಆಸ್ಪತ್ರೆಯನ್ನೂ ಆರಂಭಿಸಿದಾಗ ಹಳ್ಳಿಯ ಹೆಂಗಸರ ಹೆರಿಗೆಯೇ ಮೊದಲ ಚಿಂತೆಯಾಗಿತ್ತು, ಅದು ಸಹಜವೇ. ಗಂಟಲಿನ ರೋಗಿ ಮಧುರೆಗೋ ಮದರಾಸಿಗೋ ಹೋಗಬೇಕಿತ್ತು. ಸರ್ಕಾರಿ ವೈದ್ಯಕೀಯ ಕಾಲೇಜು ತೇನಿಗೆ ಬಂದದ್ದು ಈ ಶತಮಾನದ ಮೊದಲ ದಶಕದಲ್ಲಿ, ದಿಂಡಿಗಲ್ಲಿನದು 2022ರಲ್ಲಿ ಉದ್ಘಾಟನೆಯಾಯಿತು. ಅಷ್ಟರಲ್ಲಿ ಗಾರ್ಸಿಯಾನ ಕನ್ನಡಿಯ ಜಾಗದಲ್ಲಿ ಮೂಗಿನಿಂದ ಇಳಿಸುವ ತೆಳು ದುರ್ಬೀನು, ಬೆಳಕನ್ನು ಮಿನುಗಿಸಿ ತಂತುವಿನ ಅದುರುವಿಕೆಯನ್ನು ನಿಧಾನವಾದಂತೆ ತೋರಿಸುವ ಸ್ಟ್ರೋಬೋಸ್ಕೋಪಿ, ಸೂಕ್ಷ್ಮದರ್ಶಕದಡಿಯಲ್ಲಿ ಅಂಚನ್ನು ಉಳಿಸಿ ಬೊಬ್ಬೆಯನ್ನಷ್ಟೇ ತೆಗೆಯುವ ಶಸ್ತ್ರಕ್ರಿಯೆ ಬಂದಿದ್ದವು. ದನಿಯನ್ನು ಮರಳಿ ಕಲಿಸುವ ವಾಕ್ ಚಿಕಿತ್ಸೆಗೆ ಭಾರತದಲ್ಲಿ ಶಾಸ್ತ್ರೀಯ ಶಿಕ್ಷಣ ನೆಲೆಯೂರುವುದಕ್ಕೆ ದೊಡ್ಡ ಕೊಡುಗೆ ಮೈಸೂರಿನದು. 1965ರಲ್ಲಿ ಅಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ತರಬೇತಾದವರು ದಕ್ಷಿಣದ ಎಲ್ಲ ರಾಜ್ಯಗಳಲ್ಲಿ ಕೆಲಸ ಮಾಡಿದ್ದಾರೆ. ಅವರು ಹೇಳಿಕೊಡುವ ಕ್ರಮ ಸರಳ: ನೀರು ಕುಡಿಯುತ್ತಿರಬೇಕು, ಗಂಟಲು ಕೆರೆದು ಕೆಮ್ಮುವ ಚಟ ಬಿಡಬೇಕು, ಹೊಟ್ಟೆಯ ಬಲದಿಂದ ಉಸಿರು ಕಳಿಸಿ ಕುತ್ತಿಗೆಯನ್ನು ಸಡಿಲ ಬಿಡಬೇಕು, ವಿಶ್ರಾಂತಿಯ ಹೆಸರಿನಲ್ಲಿ ಪಿಸುಗುಡಬಾರದು, ಏಕೆಂದರೆ ಪಿಸುಮಾತಿನಲ್ಲಿಯೂ ಹಲವರ ಧ್ವನಿಪೆಟ್ಟಿಗೆ ಬಿಗಿದೇ ಇರುತ್ತದೆ.

ಧ್ವನಿವರ್ಧಕ ಬಂದ ಮೇಲೆ ಸ್ಪೆಷಲ್ ನಾಟಕದ ಗಂಟಲು ಹಗುರಾಗಬೇಕಿತ್ತು; ಆದರೆ ಹಾರ್ಮೋನಿಯಂ, ಮೃದಂಗಗಳ ಮುಂದೆಯೂ ಮೈಕು ಬಂದದ್ದರಿಂದ ನಟ ಆ ಗದ್ದಲದ ಮೇಲೆ ಏರಬೇಕಾಯಿತು, ಕಿಟ್ಟಪ್ಪನವರ ಕಾಲದ ಎತ್ತರದ ಶ್ರುತಿಯೂ ಮರ್ಯಾದೆಯ ಗುರುತಾಗಿ ಉಳಿದುಕೊಂಡಿತು. ಸದ್ದಿನ ನಡುವೆ ಮನುಷ್ಯ ತನಗರಿವಿಲ್ಲದೆ ದನಿ ಏರಿಸುತ್ತಾನೆಂಬುದನ್ನು ಫ್ರಾನ್ಸಿನ ಎತಿಯೆನ್ ಲೊಂಬಾರ್ 1911ರಲ್ಲಿಯೇ ತೋರಿಸಿದ್ದ. ದಿಂಡಿಗಲ್, ತೇನಿಗಳ ನೂಲಿನ ಗಿರಣಿಗಳಲ್ಲಿ ಕದಿರುಗಳ ಸದ್ದಿನ ಮೇಲೆ ಕೂಗಿ ಮಾತನಾಡುವ ಹೆಂಗಸರಿಗೂ, ಐವತ್ತು ಅರವತ್ತು ಮಕ್ಕಳ ಮುಂದೆ ದಿನವಿಡೀ ನಿಲ್ಲುವ ಶಾಲಾ ಶಿಕ್ಷಕಿಗೂ, ಒಟ್ಟಂಚತ್ರದ ತರಕಾರಿ ಸಂತೆಯಲ್ಲಿ ಹರಾಜು ಕೂಗುವವನಿಗೂ ಇದು ಅನ್ವಯಿಸುತ್ತದೆ. ಇವರ ಗಂಟಲಿನ ಗಂಟುಗಳು ರಾಜಪಾರ್ಟಿನ ಗಂಟುಗಳಿಗಿಂತ ಬೇರೆಯಲ್ಲ. 1923ರ ಕಾರ್ಮಿಕ ಪರಿಹಾರ ಕಾಯ್ದೆಯ ಮೂರನೆಯ ಅನುಸೂಚಿಯಲ್ಲಿ, ಅಂದರೆ ದುಡಿಮೆಯಿಂದಲೇ ಬಂದ ರೋಗಗಳೆಂದು ಕಾನೂನು ಒಪ್ಪಿಕೊಂಡ ಪಟ್ಟಿಯಲ್ಲಿ, ಕಾಲಕ್ರಮದಲ್ಲಿ ಹತ್ತಿಯ ದೂಳಿನ ಶ್ವಾಸಕೋಶ ರೋಗವೂ ಗಿರಣಿಯ ಸದ್ದಿನಿಂದಾದ ಕಿವುಡೂ ಸೇರಿದವು. ಪೋಲೆಂಡಿನ ಪಟ್ಟಿಯಲ್ಲಿ ಹದಿನೈದು ವರ್ಷವಾದರೂ ದನಿಯಿಂದ ದುಡಿದವರ ಧ್ವನಿತಂತುವಿನ ಗಂಟುಗಳಿಗೆ ಜಾಗವಿದೆ. ಭಾರತದ ಆ ಅನುಸೂಚಿಯಲ್ಲಿ ದನಿಯ ಯಾವ ರೋಗವೂ ಸೇರಲಿಲ್ಲ. ಅದೇ ಗಿರಣಿಯಲ್ಲಿ ಅದೇ ಸದ್ದಿನಿಂದ ಕೆಟ್ಟ ಕಿವಿ ದುಡಿಮೆಯ ಗಾಯವೆನಿಸಿತು, ಆ ಸದ್ದಿನ ಮೇಲೆ ಕೂಗಿ ಕೆಟ್ಟ ಕೊರಳು ಬರಿಯ ಗಂಟಲುಕಟ್ಟಾಗಿಯೇ ಉಳಿಯಿತು.